ಸಕ್ಕರೆ ಹಂಚಿದ ಮನೆಗಳು

"ಏಳೋ ಬೋಳಿಮಗನೆ! ನನ್ನ ಹತ್ರ ನಾಟಕ ಆಡ್ತೀಯಾ? ಒಂದು ಲೋಟಕ್ಕೆ ಬೀಳೋ ಮುಖಾನಾ ಇದು?"

ಮೇಸ್ತ್ರಿ ಬೂಟಿನ ತುದಿಯಿಂದ ನನ್ನ ಅಳಿಯನ ಪಕ್ಕೆಗೆ ತಿವಿದ. ಅಳಿಯ ಗೋಡೆಯ ಮೇಲಿಂದ ಉರುಳಿ ಉಪ್ಪಿನ ರಾಶಿಯ ಮೇಲೆ ಅಂಗಾತ ಬಿದ್ದಿದ್ದ. ಏಳಲು ನೋಡಿದ. ಊರಿದ ಕೈ ಉಪ್ಪಿನೊಳಗೆ ಹೂತುಹೋಯಿತು, ಮತ್ತೆ ಮಗ್ಗುಲಾದ. ಚಪ್ಪರದಡಿ ಕೂತು ತೊಗಲು ಕೆರೆಯುತ್ತಿದ್ದ ನಾವು ಹೆಂಗಸರೆಲ್ಲ ಚೂರಿ ನಿಲ್ಲಿಸಿ ನೋಡಿದೆವು. ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿಯ ಬೂಟು ಕಂಡು ನನ್ನ ಮೈ ಉರಿಯಿತು, ಆದರೆ ಒಂದು ಲೋಟಕ್ಕೆ ಬಿದ್ದ ಅಳಿಯನನ್ನು ಕಂಡು ಒಳಗೊಳಗೇ ಖುಷಿಯೂ ಆಯಿತು. ಖುಷಿ ಯಾಕೆಂದು ಆಮೇಲೆ ಹೇಳುತ್ತೇನೆ, ಮೊದಲು ಗೋಡೆಯ ವಿಷಯ ಹೇಳಬೇಕು.

ನಮ್ಮದು ತೊಗಲು ಹದ ಮಾಡುವ ಮಂಡಿ. ಹಸಿ ತೊಗಲು ಬರುತ್ತದೆ, ಉಪ್ಪು ಸವರಿಸಿಕೊಳ್ಳುತ್ತದೆ, ಸುಣ್ಣದ ನೀರಲ್ಲಿ ನೆನೆಯುತ್ತದೆ, ಆಮೇಲೆ ಅದನ್ನು ದಿಮ್ಮಿಯ ಮೇಲೆ ಹರಡಿ ನಾವು ಕೂದಲು ಕೆರೆಯುತ್ತೇವೆ. ಕೂದಲು, ಕೊಬ್ಬು, ಸುಣ್ಣದ ಕೆಸರು ಎಲ್ಲ ಚರಂಡಿ ಹಿಡಿದು ಹಿತ್ತಲಿನ ದೊಡ್ಡ ತೊಟ್ಟಿಗೆ ಸೇರುತ್ತದೆ. ನಾವು ಅದನ್ನು ರೊಚ್ಚಿನ ತೊಟ್ಟಿ ಎನ್ನುತ್ತೇವೆ. ಅದು ಕಟ್ಟಿಕೊಂಡರೆ ರೊಚ್ಚು ಬಂದ ದಾರಿಯಲ್ಲೇ ಹಿಂದೆ ಸರಿದು ಧಣಿಯ ಆಫೀಸಿನ ಮುಂದಿನ ಚರಂಡಿಯಲ್ಲಿ ಉಕ್ಕುತ್ತದೆ. ಹಾಗಾಗಬಾರದೆಂದು ಒಬ್ಬ ಗಂಡಸು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು, ಸಲಿಕೆಯಲ್ಲಿ ಬಾಚಿ ಬಕೆಟ್ಟಿಗೆ ತುಂಬಬೇಕು. ಒಳಗಿನ ಗಾಳಿ ಕೆಟ್ಟದ್ದು. ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಆಮೇಲೆ ನಾರುವುದೇ ಗೊತ್ತಾಗುವುದಿಲ್ಲ, ಗೊತ್ತಾಗದೇ ಹೋದಾಗಲೇ ತಲೆ ತಿರುಗುತ್ತದೆ. ಇಳಿದವನನ್ನು ಹೆಣವಾಗಿ ಮೇಲೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಗಾಳಿ ಯಾರಿಗೆ ತಟ್ಟುವುದಿಲ್ಲ ಎಂದು ಕಂಡುಹಿಡಿಯಲು ಈ ಧಣಿಯ ಅಪ್ಪ ಒಂದು ಪರೀಕ್ಷೆ ಮಾಡಿಟ್ಟು ಸತ್ತ. ತೊಟ್ಟಿಯ ಸುತ್ತ ಒಂದು ಮೋಟು ಗೋಡೆಯಿದೆ, ಒಂದು ಪಾದ ಇಡುವಷ್ಟು ಅಗಲ. ಇಳಿಯುವವನಿಗೆ ಮೇಸ್ತ್ರಿ ಕ್ಯಾನಿನಿಂದ ಸ್ಟೀಲಿನ ಲೋಟಕ್ಕೆ ಸಾರಾಯಿ ಬಗ್ಗಿಸಿ ಕೊಡುತ್ತಾನೆ. ಕುಡಿದು ಗೋಡೆಯ ಮೇಲೆ ಒಂದು ಸುತ್ತು ನಡೆಯಬೇಕು. ಸಾರಾಯಿಗೆ ತಲೆ ತಿರುಗದವನಿಗೆ ರೊಚ್ಚಿನ ಗಾಳಿಗೂ ತಲೆ ತಿರುಗುವುದಿಲ್ಲ ಎಂದು ಧಣಿ ನಂಬಿದ್ದ, ಮೇಸ್ತ್ರಿ ನಂಬಿದ್ದ, ನಾವೂ ನಂಬಿದ್ದೆವು. ಗೋಡೆ ನಡೆದ ಗಂಡಸಿಗೆ ಮಂಡಿಯ ಹಿಂದಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಒಂದು ಕೋಣೆ. ನಡೆಯಲಾರದವನು ಹೆಂಡತಿ ಮಕ್ಕಳನ್ನು ಎಲ್ಲಾದರೂ ಇಟ್ಟುಕೊಳ್ಳಲಿ. ಹಾಗಾಗಿ ಗಂಡಸರು ಗೋಡೆಗಾಗಿಯೇ ಕುಡಿದು ಕುಡಿದು ರೂಢಿ ಮಾಡಿಕೊಳ್ಳುತ್ತಿದ್ದರು.

ನನ್ನ ಅಳಿಯನಿಗೆ ಬಾವಿ ಎಂದೇ ಹೆಸರು ಬಿದ್ದಿತ್ತು. ಎಷ್ಟು ಹೊಯ್ದರೂ ತುಂಬದ ಬಾವಿ. ಮೂರು ಲೋಟ ಇಳಿಸಿ ಸೀಟಿ ಹಾಕುತ್ತಾ ಗೋಡೆ ಸುತ್ತುತ್ತಿದ್ದ. ಅದಕ್ಕೇ ಪ್ರತಿ ಸಲ ಇಳಿಯುವ ಪಾಳಿ ಅವನದೇ.

ಅಷ್ಟರಲ್ಲಿ ಧಣಿ ಕರವಸ್ತ್ರ ಮೂಗಿಗಿಟ್ಟುಕೊಂಡು ಬಂದ. ಅವನು ಯಾವತ್ತೂ ದನಿ ಎತ್ತುವುದಿಲ್ಲ. ಬೈಯುವುದಕ್ಕೆ ಮೇಸ್ತ್ರಿಯನ್ನು ಇಟ್ಟುಕೊಂಡಿದ್ದಾನಲ್ಲ.

"ಏನಂತೆ?"

"ಕಳ್ಳಾಟ ಧಣಿ. ಇಳಿಯೋಕೆ ಮೈಗಳ್ಳತನ ಸೂಳೆಮಗನಿಗೆ. ಬಿದ್ದ ಹಾಗೆ ಮಾಡ್ತಿದ್ದಾನೆ."

ಧಣಿ ಅಳಿಯನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಏನಮ್ಮಾ, ನಿನ್ನ ಅಳಿಯ ಅಲ್ವಾ? ಇಷ್ಟು ವರ್ಷ ಕುಡಿಸಿ ಸಾಕಿದ್ದೀವಿ. ಹಾಲು ಕೊಡದೇ ಇದ್ರೆ ಕೊಟ್ಟಿಗೇಲಿ ಯಾಕೆ ಕಟ್ಕೋಬೇಕು ಹೇಳು? ಸೋಮವಾರ ತೊಟ್ಟಿ ಖಾಲಿ ಆಗ್ಬೇಕು. ಅವನು ಇಳಿದ್ರೆ ಸರಿ. ಇಲ್ಲಾಂದ್ರೆ ಕೋಣೆ ಬೀಗದಕೈ ಮೇಸ್ತ್ರಿಗೆ ಕೊಟ್ಟು ಹೊರಡಿ."

"ಆಗ್ಲಿ ಧಣಿ," ಎಂದೆ. ನನ್ನ ಬಾಯಿ ಕೆಟ್ಟದ್ದು ಎಂದು ಇಡೀ ಲೈನಿಗೆ ಗೊತ್ತು. ಆದರೆ ಧಣಿಯ ಮುಂದೆ ಆ ಬಾಯಿಯಿಂದ ಇಷ್ಟು ವರ್ಷ ಹೊರಟದ್ದು ಇದೊಂದೇ ಮಾತು.

ನಾನೂ ಉಪ್ಪಿನಕ್ಕನೂ ಅಳಿಯನನ್ನು ಎರಡೂ ಕಡೆ ಹಿಡಿದು ಎಬ್ಬಿಸಿದೆವು. ಉಪ್ಪಿನಕ್ಕ ನನ್ನ ಓರಗೆಯವಳು, ತೊಗಲಿಗೆ ಉಪ್ಪು ಸವರಿ ಸವರಿ ಬೆರಳ ಸಂದಿಯಲ್ಲಿ ಚರ್ಮವೇ ಉಳಿದಿಲ್ಲ. ಅವಳು ಅವನ ಬೆನ್ನಿನ ಉಪ್ಪು ಕೊಡವುತ್ತಾ ನನ್ನ ಕಿವಿಯಲ್ಲಿ, "ಅಕ್ಕಾ, ಒಂದೇ ಲೋಟಕ್ಕೆ ಬಿದ್ದ ನೋಡು. ಬುದ್ಧಿ ಬರೋ ಹಾಗೆ ಕಾಣ್ಸುತ್ತೆ," ಎಂದಳು.

ನನ್ನ ಖುಷಿಗೆ ಕಾರಣವೂ ಅದೇ.

ನಮ್ಮ ಲೈನಿನಲ್ಲಿ ಬುದ್ಧಿ ಬರುವುದು ಎಂದರೆ ಇದು. ವರ್ಷಗಟ್ಟಲೆ ಬಾಟಲಿ ಬಾಟಲಿ ಇಳಿಸಿದ ಗಂಡಸು ಒಂದು ದಿನ ಒಂದು ಲೋಟಕ್ಕೇ ಸಾಕು ಎನ್ನುತ್ತಾನೆ. ಆಮೇಲೆ ಅರ್ಧ ಲೋಟಕ್ಕೆ ಮಲಗುತ್ತಾನೆ. ಮೊದಲಿನ ಹಾಗೆ ಕೂಗಾಡುವುದಿಲ್ಲ, ಕೈ ಎತ್ತುವುದಿಲ್ಲ, ಮೂಲೆಯಲ್ಲಿ ಮೆತ್ತಗೆ ಕೂತಿರುತ್ತಾನೆ. ಅವತ್ತು ಹೆಂಡತಿ ಲೈನಿನ ಮನೆ ಮನೆಗೂ ಹೋಗಿ ಒಂದೊಂದು ಚಿಟಿಕೆ ಸಕ್ಕರೆ ಕೈಗೆ ಹಾಕಿ ಬರುತ್ತಾಳೆ. ನನ್ನ ಗಂಡನಿಗೆ ಬುದ್ಧಿ ಬಂದಾಗ ನಾನೂ ಹಂಚಿದ್ದೆ. ಅವನು ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ, ಕಾಮಾಲೆ ಬಂದು ಹೋದ. ಬುದ್ಧಿ ಬಂದ ಹೊತ್ತಿಗೆ ಆಯುಸ್ಸು ಮುಗಿಯಿತಲ್ಲ ಎಂದು ಗೋಳಾಡಿದ್ದೆ. ಅವನ ಜೊತೆಗೆ ನನ್ನ ಕೋಣೆಯೂ ಹೋಯಿತು, ಮಗಳ ಕೋಣೆಯ ಬಾಗಿಲ ಹಿಂದೆ ಚಾಪೆ ಹಾಕಿಕೊಂಡೆ.

ಹಾಡಹಗಲಲ್ಲಿ ಗಂಡನನ್ನು ಹೊತ್ತು ತಂದದ್ದು ನೋಡಿ ಮಗಳು ಬಾಗಿಲಿಗೆ ಓಡಿಬಂದಳು.

"ಎಷ್ಟು ಕುಡಿದ್ರಮ್ಮಾ?"

"ಒಂದು ಲೋಟ."

"ಒಂದೇನಾ? ನಿಜ ಹೇಳು."

"ನಾನ್ಯಾಕೆ ಸುಳ್ಳು ಹೇಳ್ಲಿ? ಮೇಸ್ತ್ರಿ ಹೊಯ್ದಿದ್ದು ಒಂದೇ."

ಅವಳ ಮುಖ ಅರಳಿತು. ಮದುವೆಯಾದ ಹೊಸದರಲ್ಲಿ ಹೀಗೆ ನಗುತ್ತಿದ್ದಳು. ಈ ಹುಡುಗನನ್ನು ಅಳಿಯ ಮಾಡಿಕೊಂಡದ್ದೇ ಅವನು ಕುಡಿಯುವುದಿಲ್ಲ ಎಂದು. ಹೆಣ್ಣು ನೋಡಲು ಬಂದವನ ಬಾಯಿಯ ಹತ್ತಿರ ಮೂಗು ಒಡ್ಡಿ ಪರೀಕ್ಷೆ ಮಾಡಿದವಳು ನಾನು. ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ ಸಾಧು. ಮಗಳನ್ನು ಕೊಟ್ಟೆ, ಇರಲು ಕೋಣೆ ಬೇಕಾಯಿತು, ಕೋಣೆಗಾಗಿ ಗೋಡೆ ಹತ್ತಿದ. ಮೊದಲ ದಿನ ಕುಡಿದದ್ದನ್ನೆಲ್ಲ ಮೇಸ್ತ್ರಿಯ ಬೂಟಿನ ಮೇಲೇ ಕಾರಿಕೊಂಡ. ಮೇಸ್ತ್ರಿ ಕಪಾಳಕ್ಕೆ ಬಾರಿಸಿ ಇನ್ನೊಂದು ಲೋಟ ಹೊಯ್ದ. ಹಾಗೆ ಶುರುವಾದ ಬಾವಿ ಅದು.

ಸಂಜೆಯಾಗುವ ಮೊದಲೇ ಮಗಳು ಸಕ್ಕರೆ ಡಬ್ಬಿ ಹಿಡಿದು ಲೈನಿನ ತುದಿಯಿಂದ ತುದಿಗೆ ಹೋಗಿಬಂದಳು. ಎಲ್ಲರೂ ಬಾಯಿಗೆ ಹಾಕಿಕೊಂಡು, ಒಳ್ಳೇದಾಗ್ಲಿ ತಾಯಿ ಎಂದರು. ತೊಗಲನ್ನು ಕೊಕ್ಕೆಯಿಂದ ಎಳೆಯುವ ಹುಡುಗನೊಬ್ಬನಿದ್ದಾನೆ, ಅವನನ್ನು ಕೊಕ್ಕೆ ಎಂದೇ ಕರೆಯುತ್ತೇವೆ. ಅವನ ಹೊಸ ಹೆಂಡತಿ ಸಕ್ಕರೆ ನೆಕ್ಕುತ್ತಾ, "ನಮ್ಮೋರಿಗೆ ಯಾವಾಗ ಬರುತ್ತೋ ಅಕ್ಕಾ," ಎಂದಳಂತೆ. ಕೊಕ್ಕೆ ಆಗ ತಾನೇ ಎರಡನೇ ಲೋಟದವರೆಗೆ ಬಂದಿದ್ದ.

ಅಳಿಯ ಮೂಲೆಯಲ್ಲಿ ಮಲಗಿದ್ದ. ಕಾಲು ಬಾತು ಬೆರಳೆಲ್ಲ ಗುಂಡಗಾಗಿದ್ದವು. ಹೊಟ್ಟೆ ಮಾತ್ರ ಬಸುರಿ ಹೆಂಗಸಿನ ಹಾಗೆ, ಕೈಕಾಲು ಕಡ್ಡಿ. ಕಣ್ಣು ಬಿಟ್ಟಾಗ ಬಿಳಿಯ ಭಾಗ ಹಳದಿಯಾಗಿತ್ತು.

"ಏನಪ್ಪಾ, ಹೇಗಿದೆ ಮೈ?" ಎಂದೆ.

"ಏನೋ ಗೊತ್ತಾಗಲ್ಲ ಅತ್ತೆ. ಮೊದ್ಲು ಕುಡಿದ್ರೆ ಒಂದು ಗಳಿಗೇಲಿ ಇಳಿದುಹೋಗ್ತಿತ್ತು. ಈಗ ನಿನ್ನೆ ಕುಡಿದದ್ದೂ ತಲೇಲಿ ಹಾಗೇ ನಿಂತಿರುತ್ತೆ." ಎಂದವನು ತಡೆದು, "ಆದ್ರೂ ಒಳ್ಳೇದೇ ಆಯ್ತಲ್ಲ, ಕಮ್ಮಿ ಆಯ್ತು," ಎಂದು ನಕ್ಕ.

ಮಾರನೇ ದಿನ ಅರ್ಧ ಲೋಟಕ್ಕೇ ಮಲಗಿಬಿಟ್ಟ. ಶನಿವಾರ ಬೆಳಗ್ಗೆ ಬಾಯಿ ಮುಕ್ಕಳಿಸಲು ಹೊರಗೆ ಕೂತವನು ರಕ್ತ ಕಾರಿದ. ಕಪ್ಪಗೆ, ಗಡ್ಡೆ ಗಡ್ಡೆಯಾಗಿ. ಮಗಳ ಕಿರುಚಾಟಕ್ಕೆ ಲೈನೆಲ್ಲ ಎದ್ದಿತು. ತೊಗಲು ಸಾಗಿಸುವ ತಳ್ಳುಗಾಡಿಯ ಮೇಲೆ ಗೋಣಿ ಹಾಸಿ ಮಲಗಿಸಿ, ನಾನೂ ಮಗಳೂ ದೊಡ್ಡಾಸ್ಪತ್ರೆಗೆ ತಳ್ಳಿಕೊಂಡು ಹೋದೆವು. ದಾರಿಯಲ್ಲಿ ಜನ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದರು. ಗಾಡಿ ನಾರುತ್ತಿತ್ತು, ನಾವೂ ನಾರುತ್ತಿದ್ದೆವು. ಅದೊಂದು ಲಾಭ, ಜನಜಂಗುಳಿಯಲ್ಲಿ ದಾರಿ ಬೇಗ ಸಿಗುತ್ತದೆ.

ಆಸ್ಪತ್ರೆಯಲ್ಲಿ ಬಾಟಲಿ ಏರಿಸಿದರು, ರಕ್ತ ನಿಂತಿತು. ವಾರ್ಡಿನ ಬಾಗಿಲ ಪಕ್ಕ ಗೋಡೆಗೆ ಒಂದು ಕಲ್ಲು ಹಾಕಿದ್ದರು. ಮಗಳು ಅದರ ಮೇಲಿನ ಅಕ್ಷರ ಕೂಡಿಸಿ ಓದಿ, "ಅಮ್ಮಾ, ಈ ವಾರ್ಡು ನಮ್ಮ ಧಣಿ ಕಟ್ಟಿಸಿದ್ದಂತೆ," ಎಂದಳು. ನನಗೆ ಒಂದು ಗಳಿಗೆ ಧೈರ್ಯ ಬಂತು. ನಮ್ಮದೇ ಧಣಿ, ನಮ್ಮದೇ ಬೆವರು, ಒಂದು ಮಂಚವಾದರೂ ಸಿಗುತ್ತದೆ ಎಂದುಕೊಂಡೆ.

ದೊಡ್ಡ ಡಾಕ್ಟರು ಬಂದರು, ಹಿಂದೆ ಬಿಳಿ ಕೋಟಿನ ಓದುವ ಹುಡುಗ ಹುಡುಗಿಯರ ಹಿಂಡು. ನನ್ನ ಅಳಿಯನ ಅಂಗಿಯನ್ನು ಎದೆಯವರೆಗೆ ಎತ್ತಿ, ಉಬ್ಬಿದ ಹೊಟ್ಟೆಯ ಮೇಲೆ ಬೆರಳಿಟ್ಟು ಡೋಲು ಬಡಿದ ಹಾಗೆ ಬಡಿದರು.

"ನೋಡಿ, ಒಳ್ಳೇ ಕೇಸು. ಕಣ್ಣು ಹಳದಿ, ಹೊಟ್ಟೇಲಿ ನೀರು. ಏಯ್, ಮೊದಲು ಎಷ್ಟು ಕುಡೀತಿದ್ದೆ?"

"ಬಾಟ್ಲಿ ಮೇಲೇ ಆಗ್ತಿತ್ತು ಸಾರ್."

"ಕುಡಿದು ನೆಟ್ಟಗೆ ನಿಲ್ತಿದ್ಯಾ?"

"ಗೋಡೆ ಮೇಲೆ ನಡೀತಿದ್ದೆ ಸಾರ್."

ಹುಡುಗರು ನಕ್ಕರು. ಅಳಿಯನೂ ಅವರ ಜೊತೆ ನಕ್ಕ, ಪಾಪ.

"ಈಗ ಎಷ್ಟಕ್ಕೆ ಏರುತ್ತೆ?"

"ಅರ್ಧ ಲೋಟ ಸಾರ್. ಬುದ್ಧಿ ಬಂದಿದೆ."

"ಬುದ್ಧಿಯಂತೆ, ಬುದ್ಧಿ!" ಡಾಕ್ಟರು ಹುಡುಗರ ಕಡೆ ತಿರುಗಿದರು. "ಇದನ್ನೇ ನೀವು ತಿಳ್ಕೋಬೇಕಾದ್ದು. ದಿನಾ ಸುರೀತಾ ಹೋದ್ರೆ ಲಿವರ್ ಅದನ್ನ ಬೇಗ ಬೇಗ ಕರಗಿಸೋದು ಕಲಿಯುತ್ತೆ. ಮೆದುಳೂ ಒಗ್ಗಿಕೊಳ್ಳುತ್ತೆ. ಅದಕ್ಕೇ ಏರಲ್ಲ. ಏರಲ್ಲ ಅಂತ ಇನ್ನೂ ಜಾಸ್ತಿ ಕುಡೀತಾನೆ. ಎಲ್ಲರೂ ಗಟ್ಟಿಗ ಅಂತಾರೆ. ಕರಗಿಸುವಾಗ ಒಳಗೆ ಒಂದು ವಿಷ ಹುಟ್ಟುತ್ತಲ್ಲ, ಅದು ಲಿವರನ್ನೇ ತಿಂತಾ ಬರುತ್ತೆ. ಕೊನೆಗೆ ಕರಗಿಸೋಕೆ ಲಿವರೇ ಇರಲ್ಲ. ಆಗ ಅರ್ಧ ಲೋಟ ಹೋದ್ರೂ ರಕ್ತದಲ್ಲೇ ಸುತ್ತುತ್ತಾ ಇರುತ್ತೆ, ಇಳಿಯೋದೇ ಇಲ್ಲ. ಇವನು ಕುಡಿಯೋದು ಕಮ್ಮಿ ಮಾಡಿಲ್ಲ, ಇವನ ಕೈಲಿ ಆಗ್ತಿಲ್ಲ, ಅಷ್ಟೆ. ಮನೆಯವರು ಮಾತ್ರ ಸುಧಾರಿಸಿದ ಅಂತ ಖುಷಿಪಡ್ತಿರ್ತಾರೆ."

ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಮೈಕೈ ನೋವಿನ ಮಾತ್ರೆ ಏನಾದ್ರೂ ನುಂಗ್ತಿದ್ಯಾ?"

"ಸುಣ್ಣದ ನೀರಲ್ಲಿ ನಿಂತು ಕೀಲು ನೋಯುತ್ತೆ ಸಾರ್. ಮೇಸ್ತ್ರಿ ದಿನಾ ಸಂಜೆ ಕೊಡ್ತಾರೆ."

"ಚೆನ್ನಾಯ್ತು. ದಿನಾ ಕುಡಿಯೋನ ಮೈಯಲ್ಲಿ ಆ ಮಾತ್ರೆನೂ ವಿಷ ಆಗುತ್ತೆ. ಬರ್ಕೊಳ್ಳಿ."

ಹುಡುಗರು ಬರೆದುಕೊಂಡರು. ನಾನು ತಡೆಯಲಾರದೆ ಬಾಯಿ ಹಾಕಿದೆ. "ಸಾರ್, ಸಾರಾಯಿಗೆ ತಲೆ ತಿರುಗದೋನಿಗೆ ತೊಟ್ಟಿ ಗಾಳಿಗೂ ತಿರುಗಲ್ಲ ಅಂತಾರಲ್ಲ?"

"ಯಾವ ಮುಠ್ಠಾಳ ಹೇಳಿದ್ದು? ಅದಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಕುಡಿದು ಇಳಿದ್ರೆ ಇನ್ನೂ ಬೇಗ ಸಾಯ್ತಾನೆ."

ಇಷ್ಟು ವರ್ಷ ಗೋಡೆ ನಡೆಸಿದ್ದು ಯಾತಕ್ಕೆ ಹಾಗಾದರೆ? ಆ ಮುದಿ ಧಣಿ ಹೇಳಿದ, ಈ ಧಣಿ ನಡೆಸಿದ, ನಾವು ನೋಡುತ್ತಾ ಕೂತೆವು. ಬೇಕೆಂದೇ ಮಾಡಿದ್ದರೆ ಶಾಪ ಹಾಕಿಯಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಒಂದು ಸಲ ಯಾರನ್ನಾದರೂ ಕೇಳಿ ತಿಳಿಯುವಷ್ಟೂ ನಾವು ಅವರಿಗೆ ಮುಖ್ಯವಾಗಿರಲಿಲ್ಲ.

"ಅಡ್ಮಿಟ್ ಮಾಡ್ಕೊಳಿ ಸಾರ್," ಎಂದಳು ಮಗಳು.

"ಬೆಡ್ ಇಲ್ಲ. ಕುಡಿಯೋದು ಬಿಡಿಸಿ ಕರ್ಕೊಂಡು ಬನ್ನಿ, ನೋಡೋಣ."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಹಿಂದೆ ಉಳಿದ ಓದುವ ಹುಡುಗಿಯೊಬ್ಬಳು ಮೆಲ್ಲಗೆ, "ಅಜ್ಜಿ, ಮನೇಲಿ ಥಟ್ಟಂತ ಬಿಡಿಸ್ಬೇಡಿ. ಫಿಟ್ಸ್ ಬಂದು ಪ್ರಾಣಕ್ಕೇ ಆಗ್ಬಹುದು. ಆಸ್ಪತ್ರೇಲೇ ಇಟ್ಕೊಂಡು ಬಿಡಿಸ್ಬೇಕು. ಬೆಡ್ ಸಿಗೋವರೆಗೂ ಸ್ವಲ್ಪ ಸ್ವಲ್ಪ ಕೊಡ್ತಾ ಇರಿ," ಎಂದಳು.

ನನ್ನ ತಲೆ ಕೆಟ್ಟುಹೋಯಿತು. "ಬಿಟ್ರೆ ಫಿಟ್ಸು, ಬಿಡದಿದ್ರೆ ಸಾವು, ಬಿಟ್ಟು ಬಂದ್ರೆ ಬೆಡ್ಡು! ಯಾವುದಾದ್ರೂ ಒಂದು ಹೇಳಿ ಸಾಯ್ರಮ್ಮಾ!" ಎಂದು ಕೂಗಿದೆ.

ಡಾಕ್ಟರು ಅಲ್ಲಿಂದಲೇ ತಿರುಗಿದರು. "ಏಯ್ ಮುದುಕಿ, ಕುಡಿಸೋವಾಗ ಗೊತ್ತಾಗ್ಲಿಲ್ವಾ? ಇದೇನು ಸಂತೆನಾ? ಯಾರ್ರೀ ಅಲ್ಲಿ, ಇವ್ರನ್ನ ಹೊರಗೆ ಕಳಿಸಿ."

ಕುಡಿಸಿದವನ ಹೆಸರು ನಿಮ್ಮ ಬಾಗಿಲ ಪಕ್ಕದ ಕಲ್ಲಿನ ಮೇಲಿದೆ ಎಂದು ಹೇಳಬೇಕಿತ್ತು. ಹೊರಗೆ ದಬ್ಬಿಸಿಕೊಂಡು ಗಾಡಿಯ ಹತ್ತಿರ ಬಂದ ಮೇಲೆ ಆ ಮಾತು ನೆನಪಾಯಿತು. ನನ್ನ ಕೆಟ್ಟ ಬಾಯಿ ಇಂಥ ಹೊತ್ತಿನಲ್ಲೇ ಕೈಕೊಡುತ್ತದೆ.

ಭಾನುವಾರವೆಲ್ಲ ಮಗಳು ಕೂಸಿಗೆ ಔಷಧಿ ಕುಡಿಸುವ ಹಾಗೆ ಗಂಡನಿಗೆ ಚಮಚದಲ್ಲಿ ಸಾರಾಯಿ ಕುಡಿಸಿದಳು. ಕೈ ನಡುಗಿದಾಗ ಒಂದು ಚಮಚ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದಾಗ ಒಂದು ಚಮಚ. ಪ್ರತಿ ಚಮಚಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಲೆಯಲ್ಲಿ ಸಕ್ಕರೆ ಡಬ್ಬಿ ಮುಚ್ಚಳ ತೆಗೆದು ಬಿದ್ದಿತ್ತು, ಯಾರೂ ಅದನ್ನು ಎತ್ತಿಡಲಿಲ್ಲ.

ಸೋಮವಾರ ಬೆಳಗ್ಗೆ ಚಪ್ಪರದಡಿ ಕೂತು ಕೆರೆಯುತ್ತಾ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅರ್ಧ ಲೋಟದ ಮಾತು ಬಂದಾಗ ಉಪ್ಪಿನಕ್ಕನ ಕೈ ನಿಂತಿತು.

"ಅಕ್ಕಾ, ನಮ್ಮೋರು ಸಾಯೋ ಮುಂಚೆ ಕಾಲು ಲೋಟಕ್ಕೆ ಬಂದಿದ್ರು," ಎಂದಳು. "ನಾನು ಎರಡು ಸಲ ಹಂಚಿದ್ನಲ್ಲೇ. ಅಷ್ಟು ಖುಷಿಯಾಗಿತ್ತು ನಂಗೆ."

ಎಲ್ಲರೂ ಮನಸ್ಸಿನಲ್ಲೇ ಲೈನಿನ ಬಾಗಿಲು ಬಾಗಿಲಿಗೂ ಹೋಗಿಬರುತ್ತಿದ್ದರು. ಸಕ್ಕರೆ ಹಂಚಿದ ಮನೆ ಯಾವುದು, ಆ ಮನೆಯ ಗಂಡಸು ಈಗ ಎಲ್ಲಿ. ನಾನೂ ಹೋಗಿಬಂದೆ. ನಮ್ಮ ಕೋಣೆ ಬಿಟ್ಟರೆ, ಸಕ್ಕರೆ ಹಂಚಿದ ಒಂದು ಮನೆಯಲ್ಲೂ ಆ ಗಂಡಸು ಉಳಿದಿರಲಿಲ್ಲ. ಅವರೆಲ್ಲರ ಸಾವಿನ ಸುದ್ದಿಯನ್ನು ನಾವು ಚಪ್ಪರಿಸಿಕೊಂಡು ತಿಂದಿದ್ದೆವು. ಕೊಕ್ಕೆಯ ಹೆಂಡತಿ ಚೂರಿ ಕೆಳಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೋಗಿ ವಾಂತಿ ಮಾಡಿದಳು.

ಆಗಲೇ ಮೇಸ್ತ್ರಿ ಲೈನಿನಿಂದ ನನ್ನ ಅಳಿಯನನ್ನು ರಟ್ಟೆ ಹಿಡಿದು ಎಳೆದು ತಂದ. ಹಿಂದೆ ಮಗಳು ಬೇಡಿಕೊಳ್ಳುತ್ತಾ ಬರುತ್ತಿದ್ದಳು. ಅಳಿಯನ ಸೊಂಟಕ್ಕೆ ಹಗ್ಗ ಬಿಗಿದಾಗಿತ್ತು.

"ಅರ್ಧ ಲೋಟ ಸಾಕಂತಲ್ಲ ಈಗ ಈ ಮಹಾರಾಜನಿಗೆ! ಧಣಿಗೂ ಉಳಿತಾಯ," ಎಂದು ಕ್ಯಾನು ಬಗ್ಗಿಸಿದ. "ಕುಡಿ. ಗೋಡೆ ನಡಿಯೋದೂ ಬೇಡ. ಸೀದಾ ಇಳಿ."

ಅಳಿಯ ಲೋಟ ನೋಡಿದ. ಅವನಿಗೆ ಬದುಕಬೇಕೆಂಬ ಆಸೆಯಿತ್ತು, ನನಗೆ ಗೊತ್ತು. ಆದರೂ ಅವನ ಕೈ ಲೋಟದ ಕಡೆಗೇ ಚಾಚಿತು. ನಡುಗುವ ಎರಡು ಕೈ, ಹೆಣ್ಣು ನೋಡಲು ಬಂದ ದಿನ ನೀರಿನ ಲೋಟ ಹಿಡಿದ ಅದೇ ರೀತಿ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ನನ್ನ ಕಣ್ಣು ಕತ್ತಲಿಟ್ಟಿತು.

ನಾನು ಎದ್ದು ಹೋಗಿ ಲೋಟ ಕಿತ್ತುಕೊಂಡೆ.

"ಏಯ್ ಮುದಿ ಮುಂಡೆ, ಕೊಡಿಲ್ಲಿ!"

"ಮುಂಡೆನೇ ಕಣೋ. ಮಾಡಿದ್ದು ನೀವೇ. ಈಗ ನನ್ನ ಮಗಳನ್ನೂ ಮಾಡೋಕೆ ನಿಂತಿದ್ದೀಯಾ?"

ಎಲ್ಲರೂ ನಾನು ಲೋಟ ಎಸೆಯುತ್ತೇನೆ ಎಂದುಕೊಂಡರು. ಎಸೆಯುವ ಹಾಗಿರಲಿಲ್ಲ. ಆ ಓದುವ ಹುಡುಗಿಯ ಮಾತು ಕಿವಿಯಲ್ಲಿತ್ತು. ಅಳಿಯನ ಗದ್ದ ಹಿಡಿದು ನನ್ನ ಕೈಯಾರೆ ಒಂದು ಗುಟುಕು ಕುಡಿಸಿದೆ. ಕುಡಿಯುವುದಿಲ್ಲ ಎಂದು ಮೂಸಿ ನೋಡಿ ತಂದ ಅಳಿಯನಿಗೆ. ಮಿಕ್ಕಿದ್ದನ್ನು ರೊಚ್ಚಿಗೆ ಸುರಿದು, ಲೋಟವನ್ನೂ ಅದರೊಳಗೇ ಬಿಟ್ಟೆ. ಅವನ ಸೊಂಟದ ಹಗ್ಗ ಬಿಚ್ಚಿದೆ. ಆಮೇಲೆ ಮೋಟು ಗೋಡೆಯ ಮೇಲೆ ಕೂತು, ಅವನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಮಗಳು ಅವನ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.

"ಬೇರೆ ಗಂಡಸರಿಲ್ವಾ ಇಲ್ಲಿ? ಏಯ್ ಕೊಕ್ಕೆ, ಬಾರೋ! ಇನ್ನೊಂದು ಲೋಟ ತರ್ತೀನಿ. ಗೋಡೆ ಹತ್ತು," ಎಂದು ಮೇಸ್ತ್ರಿ ಕೂಗಿದ.

ಕೊಕ್ಕೆ ಸುಣ್ಣದ ತೊಟ್ಟಿಯ ಬಳಿಯಿಂದ ಎರಡು ಹೆಜ್ಜೆ ಬಂದ. ಅವನ ಹೆಂಡತಿ ಬಾಯಿ ಒರೆಸಿಕೊಂಡು ಅವನನ್ನು ದಾಟಿ ಬಂದಳು. ನಿನ್ನೆ ಮೊನ್ನೆ ಮದುವೆಯಾದ ಹುಡುಗಿ, ಮೇಸ್ತ್ರಿಯ ಮುಂದೆ ತಲೆ ಎತ್ತಿದವಳಲ್ಲ.

"ಎಲ್ಲಿ ಹತ್ತೋದು?" ಎಂದಳು. "ಜಾಗ ಇಲ್ಲ." ಬಂದು ನನ್ನ ಪಕ್ಕದಲ್ಲಿ ಒತ್ತಿಕೊಂಡು ಕೂತಳು.

ಉಪ್ಪಿನಕ್ಕ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಚೂರಿ ಮಡಿಲಲ್ಲಿಟ್ಟುಕೊಂಡು, ಭುಜಕ್ಕೆ ಭುಜ ತಾಗಿಸಿ, ತೊಟ್ಟಿಯ ಸುತ್ತ ಗೋಡೆ ತುಂಬ ಕೂತೆವು. ಅದರ ಮೇಲೆ ಒಂದು ಪಾದ ಇಡುವಷ್ಟೂ ಜಾಗ ಉಳಿಯಲಿಲ್ಲ. ಮೇಸ್ತ್ರಿ ಅಮ್ಮ ಅಕ್ಕ ಎಲ್ಲ ಸೇರಿಸಿ ಬೈದ. ಬೈಗುಳ ಖಾಲಿಯಾಗಿ ಆಫೀಸಿನ ಕಡೆ ಓಡಿದ.

ಧಣಿ ಕರವಸ್ತ್ರ ಹಿಡಿದು ಆಫೀಸಿನ ಬಾಗಿಲಿಗೆ ಬಂದು ನಿಂತ. "ಏನಮ್ಮಾ ಇದು? ಕೆಳಗಿಳೀರಿ, ಆಫೀಸಿಗೆ ಬಾ, ಮಾತಾಡೋಣ."

"ಇಲ್ಲೇ ಮಾತಾಡಿ ಧಣಿ. ನಿಮ್ಮ ಹೆಸರಿನ ವಾರ್ಡಲ್ಲಿ ಇವನಿಗೊಂದು ಬೆಡ್ ಕೊಡ್ಸಿ. ನಿಮ್ಮ ಕಾರಲ್ಲೇ ಕರ್ಕೊಂಡು ಹೋಗಿ. ಅಲ್ಲೀವರೆಗೂ ಒಬ್ರೂ ಏಳಲ್ಲ. ಇನ್ಮೇಲೆ ಈ ಗೋಡೆ ಮೇಲೆ ಯಾರೂ ನಡಿಯಲ್ಲ."

"ಕುಡುಕನಿಗೆ ನನ್ನ ಕಾರಾ?" ಎಂದ. ಮೊದಲ ಸಲ ಅವನ ದನಿ ಏರಿತು.

"ನಿಮ್ಮ ಕುಡುಕ ಧಣಿ. ನೀವೇ ಸಾಕಿದ್ದು."

ಧಣಿ ಮೇಸ್ತ್ರಿಯ ಮುಖ ನೋಡಿದ, ಮೇಸ್ತ್ರಿ ತೊಟ್ಟಿಯ ಮುಖ ನೋಡಿದ. ಸುಣ್ಣದ ತೊಟ್ಟಿಯ ನೀರನ್ನು ಅವತ್ತೇ ಚರಂಡಿಗೆ ಬಿಡಬೇಕು, ಬಿಡದಿದ್ದರೆ ನೆನೆದ ತೊಗಲೆಲ್ಲ ಕರಗಿ ಹಾಳು. ಆಗಲೇ ಬಿಟ್ಟೂ ಆಗಿತ್ತು. ತೊಟ್ಟಿ ಕಂಠದವರೆಗೆ ತುಂಬಿ, ಗುಳುಗುಳು ಎಂದು ಒಂದು ಗುಳ್ಳೆ ಒಡೆದು, ರೊಚ್ಚು ಬಂದ ದಾರಿಯನ್ನೇ ಹಿಡಿದು ಹಿಂದೆ ಸರಿಯಿತು.

ಆಫೀಸಿನ ಮುಂದಿನ ಚರಂಡಿಯ ಜಾಲರಿ ಮೊದಲು ಕಪ್ಪಾಯಿತು. ಆಮೇಲೆ ಅದರ ಮೇಲಿಂದ ಕೂದಲಿನ ಒಂದು ಉಂಡೆ ಹೊರಳಿಕೊಂಡು ಹೊರಗೆ ಬಂತು. ಹಿಂದೆಯೇ ಸುಣ್ಣ, ಕೊಬ್ಬು, ನೊರೆ. ಮೆಟ್ಟಿಲು ಒಂದೊಂದಾಗಿ ಮುಳುಗಿ, ಕಾಲೊರಸಿನ ಅಂಚು ನೆನೆಯತೊಡಗಿತು.

ಅಳಿಯ ನನ್ನ ಭುಜಕ್ಕೆ ತಲೆಯಿಟ್ಟು, ಮೈಯೆಲ್ಲ ನಡುಗುತ್ತಾ, "ಅತ್ತೆ, ಇನ್ನೊಂದು ಗುಟುಕು... ಒಂದೇ ಒಂದು," ಎನ್ನುತ್ತಿದ್ದ. ನಾನು ಅವನ ಮಣಿಕಟ್ಟು ಬಿಡಲಿಲ್ಲ.

ರೊಚ್ಚು ಹೊಸ್ತಿಲು ದಾಟಿತು. ಧಣಿ ಒಂದು ಹೆಜ್ಜೆ ಹಿಂದೆ ಸರಿದ. ನಾವು ಕಾಲು ಮೇಲೆತ್ತಿಕೊಂಡು ಸರಿಯಾಗಿ ಕೂತೆವು.